ಹಾಕಿದ್ದೋ, ಒಗೆದಿದ್ದೋ?

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ತಮಾಷೆ ಇದೆ, ಗಮನಿಸಿದ್ದೀರಾ? ಬೌಲರ್ ಹಾಕುವ ಚೆಂಡಿಗೆ ಕನ್ನಡದಲ್ಲಿ ‘ಎಸೆತ’ ಅಂತೀವಿ. ‘ಓವರಿನ ಮೂರನೇ ಎಸೆತದಲ್ಲಿ ಔಟಾದರು’ ಅಂತ ಬರೀತೀವಿ. ಆದರೆ ಬೌಲರ್ ಆದವನು ಮಾಡಲೇಬಾರದ ಕೆಲಸ ಅಂದರೆ ಎಸೆಯೋದು! ನಮ್ಮ ಹಾನಗಲ್ ಕಡೆ ಈ ಗೊಂದಲ ಇಲ್ಲ. ಅಲ್ಲಿ ಬೌಲರ್ ಬಾಲ್ ‘ಹಾಕ್ತಾನ’. ಮೊಣಕೈ ಮಡಚಿ ಬಿಟ್ಟನೋ, ‘ಒಗೀತಾನ’. ಮಾವಿನಕಾಯಿಗೆ ಕಲ್ಲು ಒಗೆದ ಹಾಗೆ. ಈ ಎರಡು ಪದಗಳ ನಡುವೆ ಒಬ್ಬ ಹುಡುಗನ ಆಟ ನಿಂತು ಹೋಯಿತು. ನಿಲ್ಲಿಸಿದವನು ನಾನೇ.

ಅದನ್ನು ನೆನಪಿಸಿದ್ದು ಬೆಂಗಳೂರಿನ ಒಂದು ಟರ್ಫ್. ಶುಕ್ರವಾರ ರಾತ್ರಿ ಆಫೀಸಿನ ಹುಡುಗರ ಜೊತೆ ಬಾಕ್ಸ್ ಕ್ರಿಕೆಟ್ ಆಡಲು ಹೋಗಿದ್ದೆ. ಆಡಲು ಅಂದರೆ, ನಿಂತು ನೋಡಲು. ಹೊಸದಾಗಿ ಸೇರಿದ ಹುಡುಗನೊಬ್ಬ ಜೋರಾಗಿ ಹಾಕುತ್ತಿದ್ದ. ಎದುರು ಟೀಮಿನವರು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು, ಒಂದು ಕಡೆ ನಿಲ್ಲಿಸಿ, ‘ನೋಡಿ ಸರ್, ಕ್ಲಿಯರ್ ಚಕ್’ ಅಂತ ನನ್ನ ಮುಖದ ಮುಂದೆ ಹಿಡಿದರು. ವಯಸ್ಸಿನಲ್ಲಿ ಹಿರಿಯ ನಾನೇ, ತೀರ್ಪೂ ನಂದೇ. ನಾನು ‘ಇದರಲ್ಲಿ ಗೊತ್ತಾಗಲ್ಲಪ್ಪ’ ಅಂದೆ. ಜಾರಿಕೊಳ್ತಿದ್ದೀನಿ ಅಂದುಕೊಂಡರು. ಅವರಿಗೆ ಅವತ್ತು ಹೇಳಲಾಗದ್ದು ಇಲ್ಲಿದೆ.

1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆ ಆಯಿತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲವೂ ಹೊಸ ಜಿಲ್ಲೆಗೆ ಸೇರಿದವು. ಅದರಿಂದ ಊರಿಗೆ ಏನೇನು ಬಂತೋ, ನಮಗೆ ಬಂದಿದ್ದು ಟೂರ್ನಮೆಂಟು. ಅಲ್ಲಿವರೆಗೆ ‘ತಾಲೂಕು ಮಟ್ಟದ’ ಅಂತಿದ್ದ ಟೆನಿಸ್ ಬಾಲ್ ಪಂದ್ಯಾವಳಿಗಳ ಕೈಬರಹದ ಪೋಸ್ಟರುಗಳಲ್ಲಿ ‘ಜಿಲ್ಲಾ ಮಟ್ಟದ’ ಅಂತ ಬಂತು. 101 ರೂಪಾಯಿ ಎಂಟ್ರಿ ಫೀ, ಗೆದ್ದವರಿಗೆ 1,001 ರೂಪಾಯಿ ಮತ್ತು ಒಂದು ಢಾಲು. ಬೇಸಿಗೆ ರಜೆ ಶುರುವಾದರೆ ಸಾಕು, ಕೆಂಪು ಬಸ್ಸಿನ ಟಾಪಿನ ಮೇಲೆ ಸ್ಟಂಪಿನ ಗಂಟು ಹಾಕಿಕೊಂಡು ಊರೂರು ತಿರುಗೋದೇ ಕೆಲಸ. ಸವಣೂರಿಗೆ ಹೋದರೆ ಮಠದ ಆವರಣದಲ್ಲಿರೋ ದೊಡ್ಡ ಹುಣಸೆಮರಗಳ ಬುಡಕ್ಕೆ ನಾವೆಲ್ಲ ಕೈ ಕೈ ಹಿಡಿದು ಸುತ್ತು ಹಾಕಿ, ಸೋತರೂ ಗೆದ್ದರೂ ಖಾರ ಕಟ್ಟಿಸಿಕೊಂಡು ಬರೋದು. ಹಿರೇಕೆರೂರಿನ ಕಡೆ ಹೋದರೆ ಬಿಸಿಲಿಗೆ ನೀರು ಇಳಿದ ಕೆರೆಯಂಗಳದಲ್ಲಿ ಆಟ. ಶಿಗ್ಗಾಂವಿ ಹೆದ್ದಾರಿ ಮೇಲಿರೋ ಊರು, ಪುಣೆ–ಬೆಂಗಳೂರು ಲಾರಿಗಳನ್ನು ನಿಲ್ಲಿಸಿ ಡ್ರೈವರುಗಳೂ ಒಂದೆರಡು ಓವರ್ ನೋಡಿ ಹೋಗ್ತಿದ್ದರು.

ಲೆದರ್ ಬಾಲ್ ಅನ್ನೋದು ನಮಗೆ ಹುಬ್ಬಳ್ಳಿಯ ವಸ್ತು. ಗದುಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ದಿನಾ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ ಮತ್ತೆ ಗದುಗಿನ ಶಾಲೆಗೆ ಬರ್ತಿದ್ದರು ಅನ್ನೋದು ನಮ್ಮ ಕಡೆಯ ಹುಡುಗರಿಗೆ ಪುರಾಣದ ಕತೆ ಇದ್ದ ಹಾಗೆ. 1996ರಲ್ಲಿ ಅವರು ಭಾರತದ ತಂಡಕ್ಕೆ ಬಂದಾಗ ನಾವೇ ಆಯ್ಕೆಯಾದಷ್ಟು ಖುಷಿಪಟ್ಟಿದ್ದೆವು. ಆದರೆ ಜೋಶಿಯವರಿಗೆ ಇದ್ದ ಹುಬ್ಬಳ್ಳಿ ನಮಗಿರಲಿಲ್ಲ. ಕೋಚ್ ಇಲ್ಲ, ನೆಟ್ ಇಲ್ಲ. ನಮ್ಮ ಬೌಲಿಂಗ್ ಬೆಳೆದದ್ದು ಮಾವಿನ ತೋಪಿನಲ್ಲಿ ಕಲ್ಲು ಒಗೆದು, ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿ. ಹಾಗೆ ಬೆಳೆದ ಕೈಗಳಲ್ಲಿ ಎಷ್ಟು ಕೈ ನೆಟ್ಟಗಿದ್ದಾವು?

ನಿಜ ಹೇಳಬೇಕೆಂದರೆ, ನಮ್ಮ ಟೀಮಿನಲ್ಲೇ ಒಬ್ಬ ಒಗೆಯೋನು ಇದ್ದ. ಅವನ ಬಾಲ್ ಕಿವಿ ಪಕ್ಕ ಸುಂಯ್ ಅಂತ ಹೋಗ್ತಿತ್ತು. ಅದು ಒಗೆತ ಅಂತ ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಬ್ಯಾಟ್ ಅವನದು, ಸ್ಟಂಪ್ ಅವನದು, ಎಂಟ್ರಿ ಫೀ ಕಡಿಮೆ ಬಿದ್ದರೆ ತುಂಬುತ್ತಿದ್ದವನೂ ಅವನೇ. ಯಾರ ಬ್ಯಾಟೋ ಅವನದೇ ಮೊದಲ ಓವರ್, ಅನ್ನೋದು ಓಣಿ ಕ್ರಿಕೆಟ್ಟಿನ ಸಂವಿಧಾನ. ಅದರಲ್ಲಿ ಮೊಣಕೈ ಬಗ್ಗೆ ಯಾವ ಕಲಮೂ ಇರಲಿಲ್ಲ.

ಮೊಣಕೈ ವಿಷಯ ನಮಗೆ ತಲುಪಿದ್ದು ಪೇಪರಿನ ಮೂಲಕ. 1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್, ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರ ಬೌಲಿಂಗನ್ನು ಏಳು ಸಲ ನೋಬಾಲ್ ಅಂದರು. ಮುಂದಿನ ವರ್ಷ ಮಾರ್ಚಿನಲ್ಲಿ ಅದೇ ಶ್ರೀಲಂಕಾ ಈಡನ್ ಗಾರ್ಡನ್ಸ್‌ನಲ್ಲಿ ನಮ್ಮನ್ನು ವಿಶ್ವಕಪ್‌ನಿಂದ ಹೊರಹಾಕಿತು. ಆ ಸಿಟ್ಟಿಗೆ ‘ಚಕಿಂಗ್’ ಅನ್ನೋ ಪದ ಹಾನಗಲ್‌ನ ಓಣಿ ಓಣಿಗೂ ಬಂತು. ಕೈಯಲ್ಲಿ ಹೊಸ ಬೈಗುಳ ಸಿಕ್ಕ ಮೇಲೆ ಬೈಯಲು ಯಾರಾದರೂ ಬೇಕಲ್ಲ.

1998ರ ಬೇಸಿಗೆ. ಸವಣೂರಿನಲ್ಲಿ ಸೆಮಿಫೈನಲ್ ಗೆದ್ದು ಶಿಗ್ಗಾಂವಿಗೆ ಫೈನಲ್‌ಗೆ ಹೋದೆವು. ಎದುರಿಗೆ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ತಂಡ. ಅರ್ಧ ಜನ ಬರಿಗಾಲು. ಅವರಲ್ಲಿ ಒಬ್ಬ ಹುಡುಗ, ಹದಿನಾರೋ ಹದಿನೇಳೋ ಇರಬೇಕು. ಅವನನ್ನು ಎಲ್ಲರೂ ‘ಕವಣಿ’ ಅಂತಿದ್ದರು. ನಾಲ್ಕು ಹೆಜ್ಜೆ ಓಡಿ ಬಂದು, ತೋಳನ್ನು ಹಿಂದಿನಿಂದ ತಿರುಗಿಸಿ ಬಿಟ್ಟನೆಂದರೆ ಬಾಲ್ ಎಲ್ಲಿ ಬಿದ್ದು ಎಲ್ಲಿಗೆ ತಿರುಗುತ್ತೆ ಅಂತಲೇ ಗೊತ್ತಾಗ್ತಿರಲಿಲ್ಲ. ಎಂಟು ಓವರಿನ ಮ್ಯಾಚು. ಮೊದಲ ಓವರಿನಲ್ಲೇ ನಮ್ಮ ಇಬ್ಬರನ್ನು ಔಟ್ ಮಾಡಿದ. ಮೂರನೆಯವನು ನಾನು.

ನಮ್ಮ ಮ್ಯಾಚುಗಳಲ್ಲಿ ಬ್ಯಾಟಿಂಗ್ ಮಾಡೋ ಟೀಮಿನವರೇ ಅಂಪೈರ್ ಆಗಿ ನಿಲ್ಲೋದು ರೂಢಿ. ಔಟಾದವನಿಗೆ ಆ ಕೆಲಸ. ನಾನು ಸ್ಕ್ವೇರ್ ಲೆಗ್‌ಗೆ ಹೋಗಿ ನಿಂತೆ. ಕೊನೆಯ ಎರಡು ಓವರಿಗೆ 17 ರನ್ ಬೇಕಿತ್ತು. ಕವಣಿಯ ಕೈಗೆ ಮತ್ತೆ ಬಾಲ್ ಬಂತು. ನಮ್ಮ ಕ್ಯಾಪ್ಟನ್ ಬೌಂಡರಿಯಿಂದ ಒಂದು ಸುತ್ತು ಹಾಕಿಕೊಂಡು ನನ್ನ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದ: ‘ಲೇ ದೋಸ್ತ, ನೋಡಾಕತ್ತಿಯೋ ಇಲ್ಲೋ? ಒಗ್ಯಾಕತ್ತಾನ ಅವ. ಮುರಳಿ ಸಲುವಾಗಿ ಆಸ್ಟ್ರೇಲಿಯಾದಾಗ ಕೊಟ್ಟಾರ, ನೀ ಯಾಕ ಸುಮ್ನ ನಿಂತಿ? ನೋಬಾಲ್ ಕೊಡು.’

ಕೊಟ್ಟೆ. ಆ ಓವರಿನ ಎರಡನೇ ಬಾಲ್ ನೋಬಾಲ್. ಮತ್ತೆ ಹಾಕಿದ, ಮತ್ತೆ ನೋಬಾಲ್. ಮೂರನೆಯ ಸಲ ಕೈ ಚಾಚಿದಾಗ ಅವರ ಟೀಮಿನವರು ಓಡಿ ಬಂದು ಸುತ್ತುಗಟ್ಟಿದರು. ಕವಣಿ ಮಾತ್ರ ಜಗಳಕ್ಕೆ ಬರಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿ ನನ್ನ ಮುಂದೆ ಬಲಗೈ ಚಾಚಿದ. ‘ಅಣ್ಣಾರ, ನೋಡ್ರಿ. ಇದು ಇಷ್ಟ ಚಾಚೂದು. ಇದರ ಮ್ಯಾಲ ಚಾಚಂಗಿಲ್ಲ.’ ಸಣ್ಣವನಿದ್ದಾಗ ಚಕ್ಕಡಿಯಿಂದ ಬಿದ್ದು ಮೊಣಕೈ ಮುರಿದಿತ್ತಂತೆ. ಊರಲ್ಲಿ ಬಿದಿರಿನ ಪಟ್ಟಿ ಇಟ್ಟು ಕಟ್ಟಿದ್ದರು. ಮೂಳೆ ಸೊಟ್ಟಗೆ ಕೂಡಿತ್ತು. ನಾನು ಆ ಕೈ ನೋಡಿದೆ. ಆಮೇಲೆ ನಮ್ಮ ಕ್ಯಾಪ್ಟನ್ ಮುಖ ನೋಡಿದೆ. ‘ರೂಲ್ಸ್ ಅಂದ್ರ ರೂಲ್ಸ್’ ಅಂದೆ.

ಅವರ ಕ್ಯಾಪ್ಟನ್ ಬೇರೆಯವನಿಗೆ ಬಾಲ್ ಕೊಟ್ಟ. ಅವನನ್ನು ನಮ್ಮವರು ಚಚ್ಚಿದರು. ಎರಡು ಬಾಲ್ ಇರುವಾಗಲೇ ಗೆದ್ದೆವು. ಢಾಲು ತಂದೆವು.

‘ರೂಲ್ಸ್ ಅಂದ್ರ ರೂಲ್ಸ್’ ಅಂದೆನಲ್ಲ, ಆ ರೂಲ್ಸ್ ಏನು ಅಂತ ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಓದಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ನಿಯಮದಲ್ಲಿ ಕೈ ಬಾಗಿರಬಾರದು ಅಂತ ಎಲ್ಲೂ ಇಲ್ಲ. ಬೌಲರಿನ ತೋಳು ಭುಜದ ಮಟ್ಟಕ್ಕೆ ಬಂದ ಮೇಲೆ, ಬಾಲ್ ಕೈಬಿಡುವವರೆಗೆ, ಬಾಗಿದ ಮೊಣಕೈ ನೆಟ್ಟಗಾಗಬಾರದು ಅಂತಷ್ಟೇ ಇದೆ. ಬಾಗಿದ್ದು ಬಾಗಿದ ಹಾಗೇ ಇದ್ದರೆ ಅದು ಸಕ್ರಮ. ಕಲ್ಲು ಒಗೆಯುವಾಗ ನಮಗೆ ಬಲ ಸಿಗೋದು ಮಡಚಿದ ಮೊಣಕೈ ಚಿಟ್ಟನೆ ಬಿಚ್ಚಿಕೊಳ್ಳೋದರಿಂದ. ನಿಯಮ ತಡೆಯೋದು ಆ ಬಿಚ್ಚಿಕೊಳ್ಳೋದನ್ನ. ‘ಇದರ ಮ್ಯಾಲ ಚಾಚಂಗಿಲ್ಲ’ ಅಂತ ಆ ಹುಡುಗ ಹೇಳಿದ್ದು ನೆಪ ಆಗಿರಲಿಲ್ಲ, ಅದೇ ಕಾನೂನಿನ ಪಾಯಿಂಟು. ಅಲ್ಲಿದ್ದವರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಪ್ರಾಯಶಃ ಅವನಿಗೂ.

ನಿಯಮದ ಚರಿತ್ರೆ ಓದುತ್ತಾ ಹೋದರೆ ಇನ್ನೊಂದು ವಿಷಯ ಕಾಣುತ್ತೆ. ಯಾವುದು ಅಕ್ರಮ ಅನ್ನೋದೇ ಕಾಲಕಾಲಕ್ಕೆ ಬದಲಾಗಿದೆ. 1822ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜಾನ್ ವಿಲ್ಸ್ ಅನ್ನುವವನು ಕೈಯನ್ನು ಪಕ್ಕಕ್ಕೆ ಚಾಚಿ ಬೌಲ್ ಮಾಡಿದ್ದಕ್ಕೆ ನೋಬಾಲ್ ಕೊಟ್ಟರು. ಬಾಲನ್ನು ನೆಲಕ್ಕೆ ಕುಕ್ಕಿ, ಕುದುರೆ ಹತ್ತಿ ಹೊರಟೇ ಹೋದನಂತೆ. 1862ರಲ್ಲಿ ಓವಲ್‌ನಲ್ಲಿ ಎಡ್ಗರ್ ವಿಲ್ಷರ್ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿದ ಅಂತ ಸತತ ಆರು ನೋಬಾಲ್. ಎರಡೇ ವರ್ಷ, 1864ರಲ್ಲಿ ಕೈ ಮೇಲೆತ್ತಿ ಹಾಕೋದೇ ಸಕ್ರಮ ಆಯಿತು. ಇವತ್ತು ಬುಮ್ರಾ ಹಾಕೋದೂ, ನಿಮ್ಮ ಟರ್ಫಿನ ಹುಡುಗ ಹಾಕೋದೂ, ವಿಲ್ಷರ್ ತಪ್ಪು ಮಾಡಿದ ಅಂತ ಹೇಳಿದ ರೀತಿಯಲ್ಲೇ.

ಆಮೇಲೆ ಮೊಣಕೈ ಮೇಲೆ ಕಣ್ಣು ಬಿತ್ತು. 1960ರಲ್ಲಿ ದಕ್ಷಿಣ ಆಫ್ರಿಕಾದ ಜೆಫ್ ಗ್ರಿಫಿನ್ ಲಾರ್ಡ್ಸ್ ಟೆಸ್ಟ್‌ನಲ್ಲಿ ಹ್ಯಾಟ್ರಿಕ್ ತೆಗೆದರು. ಅದೇ ಇನ್ನಿಂಗ್ಸಿನಲ್ಲಿ ಥ್ರೋ ಅಂತ ಅವರಿಗೆ 11 ನೋಬಾಲ್ ಬಿತ್ತು. ಟೆಸ್ಟ್ ಬೇಗ ಮುಗಿಯಿತು ಅಂತ ಒಂದು ಪ್ರದರ್ಶನ ಪಂದ್ಯ ಇಟ್ಟರು, ಅಲ್ಲೂ ನೋಬಾಲ್. ಬೇಸತ್ತು ಓವರ್ ಮುಗಿಸಲು ಅಂಡರ್‌ಆರ್ಮ್ ಹಾಕಿದರೆ, ‘ಹಾಕೋ ರೀತಿ ಬದಲಾಯಿಸ್ತೀನಿ ಅಂತ ಮುಂಚೆ ಹೇಳಲಿಲ್ಲ’ ಅಂತ ಅದಕ್ಕೂ ನೋಬಾಲ್! ವಯಸ್ಸು 21. ಮತ್ತೆ ಟೆಸ್ಟ್ ಆಡಲಿಲ್ಲ. ಗ್ರಿಫಿನ್‌ಗೂ ಬಾಲ್ಯದಲ್ಲಿ ಅಪಘಾತವಾಗಿ ಬಲಗೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಶಿಗ್ಗಾಂವಿಯ ಮೈದಾನವೇ ಕಣ್ಣ ಮುಂದೆ ಬಂದಿದ್ದು. 1963ರಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾದ ಇಯಾನ್ ಮೆಕಿಫ್‌ಗೆ ಒಂದೇ ಓವರಿನಲ್ಲಿ ನಾಲ್ಕು ನೋಬಾಲ್. ನಾಯಕ ರಿಚಿ ಬೆನೋ ಮತ್ತೆ ಬಾಲ್ ಕೊಡಲಿಲ್ಲ. ಮೆಕಿಫ್ ಕ್ರಿಕೆಟ್ಟನ್ನೇ ಬಿಟ್ಟರು.

ಹಾಗಂತ ಈ ನಿಯಮ ಸುಮ್ಮನೆ ಬಡವರ ಮೇಲಿನ ದಬ್ಬಾಳಿಕೆ ಅಂತ ತಿಳಿಯಬೇಡಿ. 22 ಗಜ ದೂರದಿಂದ ನಿಜವಾಗಿ ಒಗೆದರೆ ಬ್ಯಾಟ್ಸ್‌ಮನ್‌ಗೆ ಅದು ಅನ್ಯಾಯ ಮಾತ್ರ ಅಲ್ಲ, ಅಪಾಯ. 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್ ವಿರುದ್ಧ ಆಡುವಾಗ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಹಾಕಿದ ಬಾಲ್ ಬಡಿದು ಬುರುಡೆ ಒಡೆಯಿತು. ಆಗ ಹೆಲ್ಮೆಟ್ ಇರಲಿಲ್ಲ. ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು. ಜೀವ ಉಳಿಯಿತು, ಟೆಸ್ಟ್ ಬದುಕು ಅಲ್ಲಿಗೆ ಮುಗಿಯಿತು. ಅದೇ ಪಂದ್ಯದಲ್ಲಿ ಗ್ರಿಫಿತ್‌ರನ್ನು ಥ್ರೋ ಅಂತ ಅಂಪೈರ್ ನೋಬಾಲ್ ಕರೆದರು. ಕಾಂಟ್ರಾಕ್ಟರ್‌ಗೆ ಬಡಿದ ಬಾಲನ್ನಲ್ಲ, ಬೇರೊಂದನ್ನು. ನಿಯಮ ಬೇಕು, ಅನುಮಾನವಿಲ್ಲ. ಪ್ರಶ್ನೆ ಇರೋದು ಅದನ್ನು ನೋಡುವ ಕಣ್ಣಿನದು.

ಕಣ್ಣು ಹೇಗೆ ಮೋಸ ಹೋಗುತ್ತೆ ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಬಿಸಿಲಿನಲ್ಲಿ ಒಂದು ಕುಡಗೋಲು ಹಿಡಿದು, ಹಿಡಿಯನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ, ನೆಲದ ಮೇಲಿನ ನೆರಳು ನೋಡಿ. ಒಮ್ಮೆ ನೆರಳು ಪೂರ್ತಿ ಬಾಗಿರುತ್ತೆ, ಇನ್ನೊಮ್ಮೆ ಕೋಲಿನಂತೆ ನೆಟ್ಟಗಿರುತ್ತೆ. ಕುಡಗೋಲೇನೂ ಬದಲಾಗಿಲ್ಲ. ಬಾಗಿದ ಮೊಣಕೈ ಇರುವ ತೋಳು ಭುಜದಿಂದ ತಿರುಗಿದಾಗಲೂ ಹೀಗೇ. ಒಂದೇ ಕಡೆಯಿಂದ ನೋಡುವವನಿಗೆ, ಅವನು ಅಂಪೈರ್ ಆಗಿರಲಿ ಮೊಬೈಲ್ ಕ್ಯಾಮೆರಾ ಆಗಿರಲಿ, ಕೈ ಮಡಚಿ ಬಿಚ್ಚಿದಂತೆ ಕಾಣುತ್ತೆ. ಮುರಳೀಧರನ್ ವಿಷಯದಲ್ಲಿ ಆಗಿದ್ದು ಇದೇ ಅಂತ ಪರೀಕ್ಷಕರು ಹೇಳಿದರು. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ಚಾಚದು. 1996ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲೂ ಹಾಂಗ್‌ಕಾಂಗ್‌ನಲ್ಲೂ ಪರೀಕ್ಷೆ ಆಗಿ, ಸರಿ ಅನ್ನಿಸಿಕೊಂಡರು. ಆದರೂ 1999ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಅಂಪೈರ್ ರಾಸ್ ಎಮರ್ಸನ್ ಮತ್ತೆ ಕೈ ಚಾಚಿದರು. ಸ್ಕ್ವೇರ್ ಲೆಗ್‌ನಿಂದ. ರಣತುಂಗ ತಂಡವನ್ನೇ ಕರೆದುಕೊಂಡು ಬೌಂಡರಿ ಗೆರೆಯವರೆಗೆ ಹೋದದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಸುತ್ತ ಕೂತವರೆಲ್ಲ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಸ್ಕ್ವೇರ್ ಲೆಗ್‌ನಲ್ಲಿ ಕೈ ಚಾಚಿ ನಿಂತವನ ಜಾಗ ನನಗೆ ಪರಿಚಯದ್ದು. ಕವಣಿಯ ಪರ ನಿಲ್ಲಲು ರಣತುಂಗ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಿಜವಾದ ತಮಾಷೆ 2004ರಲ್ಲಿ ಆಯಿತು. ಐಸಿಸಿಯವರು ಚಾಂಪಿಯನ್ಸ್ ಟ್ರೋಫಿ ಸಮಯದಲ್ಲಿ ಬೌಲರುಗಳನ್ನು ಹೈ ಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದು ಅಳೆದು ನೋಡಿದರೆ, ಹೆಚ್ಚುಕಮ್ಮಿ ಎಲ್ಲರ ಮೊಣಕೈಯೂ ಒಂದಷ್ಟು ನೆಟ್ಟಗಾಗುತ್ತಿತ್ತು. ಮಾದರಿ ಬೌಲಿಂಗ್ ಅಂತ ನಾವು ಪೂಜೆ ಮಾಡುತ್ತಿದ್ದ ಮೆಕ್‌ಗ್ರಾತ್, ಪೊಲಾಕ್ ಕೂಡ ಇದಕ್ಕೆ ಹೊರತಲ್ಲ. ಅಕ್ಷರಶಃ ನಿಯಮ ಹಿಡಿದರೆ ಬಹುತೇಕ ಎಲ್ಲರೂ ಒಗೆಯೋರೇ! ಅಲ್ಲಿವರೆಗೆ ಸ್ಪಿನ್ನರಿಗೆ 5 ಡಿಗ್ರಿ, ಮಧ್ಯಮ ವೇಗಿಗೆ 7.5, ವೇಗಿಗೆ 10 ಅಂತ ರಿಯಾಯಿತಿ ಇತ್ತು. 2005ರ ಮಾರ್ಚ್ 1ರಿಂದ ಎಲ್ಲರಿಗೂ ಒಂದೇ ಗೆರೆ: 15 ಡಿಗ್ರಿ. ಯಾಕೆ 15? ಬರಿಗಣ್ಣಿಗೆ ‘ಇದು ಒಗೆತ’ ಅಂತ ಕಾಣಲು ಶುರುವಾಗೋದು ಸುಮಾರು ಅಲ್ಲಿಂದ ಅಂತ ತಜ್ಞರ ಅಂದಾಜು. ಮುರಳಿಗಾಗಿ ಗೆರೆ ಸರಿಸಿದರು ಅಂತ ಇವತ್ತಿಗೂ ಗೊಣಗುವವರಿದ್ದಾರೆ. ಅಳೆದಿದ್ದು ಮುರಳಿಯೊಬ್ಬರ ಕೈಯನ್ನಲ್ಲ ಅನ್ನೋದನ್ನು ಮಾತ್ರ ಮರೀತಾರೆ. 2010ರ ಜುಲೈನಲ್ಲಿ ಗಾಲ್‌ನಲ್ಲಿ ಪ್ರಗ್ಯಾನ್ ಓಝಾ ವಿಕೆಟ್‌ನೊಂದಿಗೆ ಮುರಳಿ 800 ಮುಟ್ಟಿ ಟೆಸ್ಟ್‌ನಿಂದ ನಿವೃತ್ತರಾದರು.

ಸಡಿಲ ಬಿಟ್ಟರು ಅಂದುಕೊಂಡರೆ ಬಿಗಿಯೂ ಮಾಡಿದರು. ಅದಕ್ಕೆ ನಮ್ಮ ಬೆಂಗಳೂರಿನ ನಂಟಿದೆ. 2014ರ ಜೂನ್‌ನಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷತೆಯ ಐಸಿಸಿ ಕ್ರಿಕೆಟ್ ಸಮಿತಿ ಇಲ್ಲೇ ಸೇರಿ, ಅನುಮಾನದ ಬೌಲಿಂಗನ್ನು ಪತ್ತೆ ಹಚ್ಚುವ ವ್ಯವಸ್ಥೆ ಸಾಲದು ಅಂತ ಹೇಳಿತು. ಅದೇ ವರ್ಷ ಸಚಿತ್ರ ಸೇನಾನಾಯಕೆ, ಸಯೀದ್ ಅಜ್ಮಲ್‌ರಂಥವರ ಮೇಲೆ ನಿಷೇಧ ಬಿತ್ತು. ಆದರೆ ವಿಧಾನ ನೋಡಿ: ಅಂಪೈರ್ ವರದಿ ಕೊಡುತ್ತಾರೆ, ಬೌಲರ್ ಲ್ಯಾಬಿಗೆ ಹೋಗುತ್ತಾನೆ, ಮೈಗೆ ಗುರುತು ಅಂಟಿಸಿ ಹತ್ತಾರು ಕೋನದಿಂದ ಅಳೆಯುತ್ತಾರೆ. ತಪ್ಪಿದ್ದರೆ ತಿದ್ದಿಕೊಂಡು ಮತ್ತೆ ಬರಬಹುದು. ಸಾವಿರಾರು ಜನರ ಮುಂದೆ ಕೈ ಚಾಚಿ ‘ಕಳ್ಳ’ ಅಂತ ತೋರಿಸೋದು ಹೆಚ್ಚುಕಮ್ಮಿ ನಿಂತೇ ಹೋಯಿತು.

ಈ ಎಲ್ಲದರ ಮಧ್ಯೆ ನನಗೆ ಬಿ.ಎಸ್. ಚಂದ್ರಶೇಖರ್ ನೆನಪಾಗ್ತಾರೆ. ಮೈಸೂರಿನಲ್ಲಿ ಹುಟ್ಟಿದ ಚಂದ್ರರ ಬಲಗೈ ಬಾಲ್ಯದ ಪೋಲಿಯೋದಿಂದ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಎಡಗೈಯಿಂದ ಬಾಲ್ ಒಗೆಯುತ್ತಿದ್ದರು. ಅದೇ ಸೊರಗಿದ ಬಲಗೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಗೆಲುವು ತಂದರು. ಒಗೆಯಲು ಬಾರದ ಕೈ, ಹಾಕಲು ಬಂತು. ಊನವಾದ ಕೈಯನ್ನು ಒಂದು ಊರು ಹೇಗೆ ನೋಡುತ್ತೆ ಅನ್ನೋದರ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ.

ಕವಣಿ ನಿಜಕ್ಕೂ ಒಗೆಯುತ್ತಿದ್ದನೋ ಹಾಕುತ್ತಿದ್ದನೋ? ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿದ ಕೈಯವನೂ ಇನ್ನಷ್ಟು ಮಡಚಿ ಬಿಚ್ಚಬಹುದು. ನನ್ನ ನೋಬಾಲ್ ಸರಿಯೇ ಇದ್ದಿರಬಹುದು. ನನ್ನನ್ನು ಕಾಡೋದು ಅದಲ್ಲ. ನಾನು ಅವತ್ತು ಅವನ ಕೈಯನ್ನು ನೋಡಿ ನೋಬಾಲ್ ಕೊಡಲಿಲ್ಲ. ಹಿಂದೆ ನಿಂತು ಯಾರೋ ಹೇಳಿದ್ದಕ್ಕೆ ಕೊಟ್ಟೆ, 17 ರನ್ ಬೇಕಿದ್ದವು ಅಂತ ಕೊಟ್ಟೆ, ಅವರು ಬರಿಗಾಲಿನವರು, ತಿರುಗಿ ಕೇಳೋದಿಲ್ಲ ಅಂತ ಕೊಟ್ಟೆ. ವರ್ಷಾನುಗಟ್ಟಲೆ ನಮ್ಮ ಟೀಮಿನಲ್ಲೇ ಒಗೆದವನಿಗೆ ಒಂದು ಸಲವೂ ಕೊಟ್ಟಿರಲಿಲ್ಲ. ಅವನ ಬ್ಯಾಟಿನಿಂದಲೇ ನಾನೂ ಆಡುತ್ತಿದ್ದೆನಲ್ಲ.

ಮರುವರ್ಷ ಹಿರೇಕೆರೂರಿನಲ್ಲಿ ಟೂರ್ನಮೆಂಟ್ ಆದಾಗ ಆ ಟೀಮು ಬಂದಿತ್ತು. ಕವಣಿಯೂ ಇದ್ದ. ಮರದ ಕೆಳಗೆ ನೋಟ್‌ಬುಕ್ ಹಿಡಿದು ಸ್ಕೋರ್ ಬರೆಯುತ್ತಿದ್ದ. ‘ಆಡೂದಿಲ್ಲೇನೋ?’ ಅಂದೆ. ‘ಬ್ಯಾಡ್ರಿ ಅಣ್ಣಾರ, ಸುಮ್ನ ಟೀಮಿಗೆ ತಂಟಿ’ ಅಂದ. ಬರೆಯೋದು ನಿಲ್ಲಿಸಲಿಲ್ಲ. ಕ್ಷಮಿಸು ಅನ್ನೋದು ನನಗೆ ಆಗ ಹೊಳೆಯಲೇ ಇಲ್ಲ. ಹೊಳೆಯುವಷ್ಟರಲ್ಲಿ ನಾನು ಬೆಂಗಳೂರಿಗೆ ಬಂದು ಬಹಳ ವರ್ಷವಾಗಿತ್ತು.

ಶಿಗ್ಗಾಂವಿಯಿಂದ ತಂದ ಢಾಲು ಹಾನಗಲ್‌ನಲ್ಲಿ ಗೆಳೆಯನ ಮನೆಯ ಟ್ರೆಜುರಿ ಮೇಲೆ ಇನ್ನೂ ಇದೆ. ದೀಪಾವಳಿಗೆ ಹೋದಾಗ ಅವನ ಮಗ ಅದರ ಧೂಳು ಒರೆಸಿ, ‘ಕಾಕಾ, ಫೈನಲ್ ಹ್ಯಾಂಗ ಗೆದ್ರಿ?’ ಅಂತ ಕೇಳ್ತಾನೆ. ಕೊನೆಯ ಸಿಕ್ಸರಿನ ಕತೆ ಹೇಳ್ತೀವಿ. ಮುಂದಿನ ಸಲ ಹೋದಾಗ ಮೂರು ನೋಬಾಲಿನ ಕತೆಯನ್ನೂ ಹೇಳಬೇಕು.